ಸಂಬಳದ ಚೀಟಿ ಇಲ್ಲದವರಿಗೆ ಮನೆ ಕೊಡಬಹುದೇ?

ಪ್ರಶ್ನೆ: ನಮ್ಮ ಮಹಡಿ ಮನೆಯನ್ನು ಬಾಡಿಗೆಗೆ ಕೇಳಿಕೊಂಡು ಬಂದಿರುವ ಮಹಿಳೆ ಸಮಾರಂಭಗಳ ಛಾಯಾಗ್ರಾಹಕಿ. ಅವರ ನಡವಳಿಕೆ ನನಗೆ ಹಿಡಿಸಿತು. ಆದರೆ ಕೆಲವು ತಿಂಗಳು ಸಂಪಾದನೆಯೇ ಇರುವುದಿಲ್ಲವೆಂದು ಅವರೇ ಹೇಳಿದರು. ನಮ್ಮ ಗೃಹಸಾಲದ ಕಂತು ಈ ಬಾಡಿಗೆಯಿಂದಲೇ ಹೋಗಬೇಕು. ಪತಿ ಬೇಡವೆನ್ನುತ್ತಾರೆ, ಇಲ್ಲವೆನ್ನಲು ನನಗೆ ಮನಸ್ಸಿಲ್ಲ.

ಉತ್ತರ: ಕೇಳುವ ಮೊದಲೇ ನಿಜ ಹೇಳಿದ ಅವರ ಗುಣ ಮೆಚ್ಚುವಂಥದ್ದು. ಆದರೆ ಕೆಲಸವಿಲ್ಲದ ತಿಂಗಳಲ್ಲಿ ಬಾಡಿಗೆ ಬರುವುದು ಉಳಿತಾಯದಿಂದ. ಹಾಗಾಗಿ ಹಿಂದಿನ 12 ತಿಂಗಳ ಬ್ಯಾಂಕ್ ಖಾತೆಯ ವಿವರವನ್ನು ತೋರಿಸಲು ಸಾಧ್ಯವೇ ಎಂದು ಸೌಜನ್ಯದಿಂದ ಕೇಳಿ. ಅಲ್ಲಿ ಸರಾಸರಿಯನ್ನು ನಂಬಬೇಡಿ: ವರ್ಷದ ಸರಾಸರಿ ಆದಾಯ ಬಾಡಿಗೆಯ 3 ಪಟ್ಟು ಇದ್ದರೂ, ಅದೆಲ್ಲ 7 ತಿಂಗಳಲ್ಲೇ ಬಂದಿದ್ದರೆ ಉಳಿದ 5 ತಿಂಗಳ ಬಾಡಿಗೆಯನ್ನು ಅವರು ಮೊದಲೇ ತೆಗೆದಿರಿಸಿರಬೇಕು. ತೀರಾ ಬಡ ತಿಂಗಳ ಕೊನೆಯಲ್ಲಿಯೂ 3-4 ತಿಂಗಳ ಬಾಡಿಗೆಯಷ್ಟು ಹಣ ಖಾತೆಯಲ್ಲಿ ಉಳಿದಿದ್ದರೆ, ಸಂಬಳ ಬಂದ ವಾರದಲ್ಲೇ ಖಾತೆ ಬರಿದು ಮಾಡುವ ನೌಕರರಿಗಿಂತ ಅವರನ್ನು ಹೆಚ್ಚು ನಂಬಬಹುದು. ನಿಮ್ಮ ಪತಿ ಸಂಬಳದ ಚೀಟಿಗೆ ಕೊಡುವ ಬೆಲೆ, ನನ್ನ ಅಭಿಪ್ರಾಯದಲ್ಲಿ, ತುಸು ಹೆಚ್ಚಾಯಿತು. ಕೆಲಸ ಹೋದ ಮರುದಿನ ಆ ಚೀಟಿಯೂ ಉಪಯೋಗಕ್ಕೆ ಬಾರದು.

ಅವರ ಬಗ್ಗೆ ವಿಚಾರಿಸುವುದಾದರೆ, ಈಗಿನ ಮನೆಯ ಮಾಲೀಕರಿಗಿಂತ ಅದಕ್ಕೂ ಹಿಂದಿನ ಮಾಲೀಕರ ಮಾತಿಗೆ ತೂಕ ಹೆಚ್ಚು. ತೊಂದರೆ ಕೊಡುವವರನ್ನು ಬೇಗ ಸಾಗಹಾಕಲು ಹೊಗಳಿ ಕಳಿಸುವವರೂ ಇದ್ದಾರೆ!

ಎಲ್ಲವೂ ಸರಿಕಂಡರೆ, ಕೆಲಸ ಹೆಚ್ಚಿರುವ ಕಾಲದಲ್ಲಿ 3 ತಿಂಗಳ ಬಾಡಿಗೆಯನ್ನು ಒಟ್ಟಿಗೆ ಕೊಡಲಾದೀತೇ ಎಂದು, ಕಾನೂನಿನ ಮಿತಿಯೊಳಗೆ, ಕೇಳಬಹುದು. ಮುಂಚಿತವಾಗಿ ಕೊಟ್ಟ ಬಾಡಿಗೆ ಬೇರೆ, ಹಿಂತಿರುಗಿಸಬೇಕಾದ ಠೇವಣಿ ಬೇರೆ ಎಂಬುದು ಕರಾರು ಪತ್ರದಲ್ಲಿ ಸ್ಪಷ್ಟವಾಗಿರಲಿ. ಬಾಕಿಯನ್ನು ಠೇವಣಿಯಲ್ಲಿ ಮುರಿದುಕೊಳ್ಳುತ್ತ ಹೋದರೆ, ಅವರು ಮನೆ ಬಿಡುವಾಗ ದುರಸ್ತಿಗೆ ಏನೂ ಉಳಿಯುವುದಿಲ್ಲ. ಬಾಡಿಗೆ ತಡವಾಗುವುದಾದರೆ ಎಷ್ಟು ದಿನ ಮೊದಲು ತಿಳಿಸಬೇಕು, ನೀವು ಎಷ್ಟು ದಿನ ಕಾಯುತ್ತೀರಿ ಎಂಬುದನ್ನೂ ಬರೆದುಕೊಳ್ಳಿ.

ನನಗೆ ಹೆಚ್ಚು ಚಿಂತೆ ಹುಟ್ಟಿಸಿದ್ದು ನಿಮ್ಮ ಸಾಲದ ಕಂತು. ಒಂದು ತಿಂಗಳ ಬಾಡಿಗೆ ತಡವಾದರೆ ಕಂತು ತಪ್ಪುವಷ್ಟು ಬಿಗಿಯಾಗಿ ನಿಮ್ಮ ಲೆಕ್ಕವಿದ್ದರೆ, ಯಾವ ಬಾಡಿಗೆದಾರರು ಬಂದರೂ ನಿಮಗೆ ನೆಮ್ಮದಿಯಿರದು. ಮನೆ ಖಾಲಿ ಬಿದ್ದರೂ ಇದೇ ಪಾಡು. ಕನಿಷ್ಠ 2 ಕಂತುಗಳ ಹಣವನ್ನು ನೀವು ಬೇರೆಯಾಗಿ ಇಟ್ಟುಕೊಂಡಿದ್ದರೆ, ಮೊದಲಿಗೆ ಒಂದು ವರ್ಷದ ಕರಾರು ಮಾಡಿಕೊಂಡು ಮನೆ ಕೊಡಿ. ಅಷ್ಟು ಹಣವಿಲ್ಲದಿದ್ದರೆ, ಅಥವಾ ಖಾತೆಯ ವಿವರ ನೋಡಿದ ಮೇಲೂ ನಿಮ್ಮ ಪತಿ ಒಪ್ಪದಿದ್ದರೆ, ಆ ಮಹಿಳೆ ಬೇರೆ ಮನೆ ಹುಡುಕಿಕೊಳ್ಳಲು ಅನುವಾಗುವಂತೆ ಈ ವಾರವೇ ಹೇಳಿಬಿಡಿ.