ಸಂಸ್ಕೃತವನ್ನು ‘ದೇವಭಾಷೆ’ ಎನ್ನುವುದರ ಹಿಂದೆ ತತ್ತ್ವಶಾಸ್ತ್ರವೇನಾದರೂ ಇದೆಯೇ?

ಇದೆ. ಆದರೆ ಎಲ್ಲ ದರ್ಶನಗಳೂ ಅದನ್ನು ಒಪ್ಪಿದ್ದವು ಎಂದುಕೊಳ್ಳಬೇಡಿ. ವೇದವಾಕ್ಯಗಳ ಅರ್ಥವಿಚಾರ ಮಾಡುವ ಮೀಮಾಂಸಕರಿಗೆ ಶಬ್ದ ನಿತ್ಯ, ವೇದ ಅಪೌರುಷೇಯ, ಅಂದರೆ ಯಾರೂ ರಚಿಸದ್ದು. ತರ್ಕಕ್ಕೆ ಒತ್ತು ಕೊಡುವ ನ್ಯಾಯದರ್ಶನದ ನೈಯಾಯಿಕರು ಇದನ್ನು ಖಂಡಿಸಿದರು: ಶಬ್ದ ಹುಟ್ಟಿ ಅಳಿಯುತ್ತದೆ, ಅರ್ಥ ಬರುವುದು ಸಂಕೇತದಿಂದ, ಅಂದರೆ ಈ ಪದಕ್ಕೆ ಈ ಅರ್ಥ ಎಂಬ ಕಟ್ಟುಪಾಡಿನಿಂದ.

ನನಗೆ ಹೆಚ್ಚು ಹಿಡಿಸುವುದು ವೈಯಾಕರಣ ಭರ್ತೃಹರಿಯ ದಾರಿ. ಸುಮಾರು 5ನೇ ಶತಮಾನದ ‘ವಾಕ್ಯಪದೀಯ’ದ ಮೊದಲ ಶ್ಲೋಕವೇ ಆದಿ ಅಂತ್ಯಗಳಿಲ್ಲದ ಬ್ರಹ್ಮವನ್ನು ‘ಶಬ್ದತತ್ತ್ವ’ ಎಂದು ಕರೆದು, ಜಗತ್ತು ತೋರಿಬರುವುದು ಅದರಿಂದಲೇ ಎನ್ನುತ್ತದೆ. ‘ಗೌಃ’ ಎಂದು ಉಚ್ಚರಿಸಿ ನೋಡಿ. ಗಕಾರ ಕೇಳುವಾಗ ವಿಸರ್ಗ ಇನ್ನೂ ಬಂದಿಲ್ಲ. ವಿಸರ್ಗ ಬರುವಷ್ಟರಲ್ಲಿ ಗಕಾರ ಮಾಯ. ಆದರೂ ಹಸು ಥಟ್ಟನೆ ಮನಸ್ಸಿಗೆ ಬರುತ್ತದೆ. ಹೀಗೆ ಅರ್ಥವನ್ನು ಬೆಳಗಿಸುವ, ಬಿಡಿಯಾಗದ ಇಡೀ ಶಬ್ದವೇ ಸ್ಫೋಟ. ಭರ್ತೃಹರಿ ಮಾತಿಗೆ ಮೂರು ಹಂತಗಳನ್ನು ಹೇಳುತ್ತಾನೆ: ಕಿವಿಗೆ ಬೀಳುವ ವೈಖರಿ, ಅದರ ಹಿಂದೆ ಮನದೊಳಗಿನ ಮಧ್ಯಮಾ, ಅದರಾಚೆ ಕ್ರಮಭೇದವೇ ಇಲ್ಲದ ಪಶ್ಯಂತಿ. (‘ಪರಾ’ ಎಂಬ ನಾಲ್ಕನೆಯದನ್ನು ಎತ್ತಿ ಹಿಡಿದವರು ಕಾಶ್ಮೀರದ ಶೈವರು.) ಶುದ್ಧ ಶಬ್ದದ, ಅಂದರೆ ವ್ಯಾಕರಣಬದ್ಧ ಸಂಸ್ಕೃತ ಪದದ ಅರಿವು ಸಾಧಕನನ್ನು ಈ ಒಳಮುಖದ ದಾರಿಗೆ ಹಚ್ಚುತ್ತದೆ ಎಂಬ ನಂಬಿಕೆಯಿಂದಲೇ ಭರ್ತೃಹರಿ ವ್ಯಾಕರಣವನ್ನು ಮೋಕ್ಷದ ಬಾಗಿಲು ಎಂದ.

ಸಂಸ್ಕೃತಾಕ್ಷರಗಳ ಕಂಪನದಿಂದ ರೋಗ ವಾಸಿಯಾಗುತ್ತದೆ ಎಂಬ ವಾಟ್ಸ್‌ಆ್ಯಪ್ ಪಾಂಡಿತ್ಯಕ್ಕೂ ಈ ಚಿಂತನೆಗೂ ಯಾವ ನಂಟೂ ಇಲ್ಲ.