ಗದಗಿನಲ್ಲಿ ಒಬ್ಬರೇ ಇರುವ ಅವ್ವನ ಆಕ್ಸಿಮೀಟರ್ 86 ತೋರಿಸುತ್ತಿದೆ, ಆದರೆ ಆರಾಮಿದ್ದಾರೆ

ಬಹುಶಃ ಅವ್ವ ಅಂಕಿಯನ್ನು ತಲೆಕೆಳಗಾಗಿ ಓದುತ್ತಿದ್ದಾರೆ. 98 ತಿರುಗಿಸಿದರೆ 86 ಅಲ್ವಾ! ನಮ್ಮವ್ವನೂ ಹೀಗೇ ಓದಿ ಮನೆಮಂದಿಯನ್ನೆಲ್ಲ ಹೆದರಿಸಿದ್ದಳು. ಆದರೆ ಖಾತ್ರಿ ಹೇಳಲಾರೆ. ಕೋವಿಡ್‌ನಲ್ಲಿ ಏದುಸಿರು ಇಲ್ಲದೆಯೂ ಆಮ್ಲಜನಕ ಇಳಿಯುತ್ತದೆ. ಈಗಲೇ ವಿಡಿಯೋ ಕಾಲ್ ಮಾಡಿ.

ಕೈ ಉಜ್ಜಿ ಬೆಚ್ಚಗೆ ಮಾಡಿಕೊಂಡು ಐದು ನಿಮಿಷ ಸುಮ್ನೆ ಕೂರಲಿ. ಮದರಂಗಿ ಇಲ್ಲದ ಬೆರಳಿಗೆ ಹಾಕಿ, ಅಂಕಿ ಕುಣಿಯುವುದು ನಿಲ್ಲುವವರೆಗೆ ಕಾಯಲಿ. ನೀವೇ ಓದಿ. % ಗುರುತಿನದು ಆಮ್ಲಜನಕ, ಇನ್ನೊಂದು ನಾಡಿ. 94 ಅಥವಾ ಜಾಸ್ತಿ ಇದ್ದರೆ ಸರಿ. 90ರಿಂದ 93 ಬಂದರೆ ಇವತ್ತೇ ಡಾಕ್ಟರಿಗೆ ತಿಳಿಸಿ. ಅದಕ್ಕಿಂತ ಕಡಿಮೆ ಇದ್ದರೆ ಕೂಡಲೇ 108ಕ್ಕೆ ಫೋನ್ ಮಾಡಿ.

ಸರಿ ಇದ್ದರೆ, ಓದುವಾಗ ಮೇಲೆ ಬರಬೇಕಾದ ಬದಿಗೆ ಒಂದು ಟಿಕಳಿ ಅಂಟಿಸಲು ಹೇಳಿ. ನಾಳೆಯಿಂದ ಅವರೇ ನೋಡಿಕೊಳ್ಳುತ್ತಾರೆ.