ಹೊರಗಿನವರ ವಿಶ್ವಾಸ ವಿಶ್ವಾಸ ಅಲ್ವಾ?

ಪ್ರಶ್ನೆ: ಸಿಸ್ಟರ್, ನಮಸ್ಕಾರ. ನಮ್ಮ ಮನೆಗೆಲಸಕ್ಕೆ ಬರುವಾಕೆ ಹಿಂದೂ. ಪ್ರತಿ ಗುರುವಾರ ಕೆಲಸ ಮುಗಿಸಿ ವಿವೇಕನಗರದ ಬಾಲಯೇಸು ದೇವಾಲಯಕ್ಕೆ ಹೋಗಿ ಮೇಣದಬತ್ತಿ ಹಚ್ಚುತ್ತಾರೆ. ನನ್ನ ಗಂಡನಿಗೆ ಬೈಪಾಸ್ ಆಪರೇಷನ್ ಆದಾಗ, "ಏನೂ ಆಗಲ್ಲ ಅಕ್ಕಾ, ಬಾಲಯೇಸುಗೆ ಹೇಳಿದ್ದೀನಿ" ಅಂದರು. ಹುಟ್ಟು ಕ್ರೈಸ್ತಳಾದ ನನಗೇ ಆ ಧೈರ್ಯ ಇರಲಿಲ್ಲ. ಈಗ ತನಗೂ ಒಂದು ಜಪ ಹೇಳಿಕೊಡಿ ಎಂದು ಕೇಳುತ್ತಿದ್ದಾರೆ. ನಮ್ಮ ಪ್ರಾರ್ಥನಾ ಕೂಟದಲ್ಲಿ ಕೆಲವರು, "ಮನೆಯಲ್ಲಿ ಹತ್ತು ದೇವರ ಫೋಟೊ ಇಟ್ಟವರದು ವಿಶ್ವಾಸ ಅಲ್ಲ, ಸುಮ್ನೆ ಹರಕೆ. ಮೊದಲು ಅದನ್ನು ತಿದ್ದಿ" ಅನ್ನುತ್ತಾರೆ. ಏನು ಮಾಡಲಿ?
– ಒಬ್ಬ ಓದುಗರು, ಬೆಂಗಳೂರು

ಉತ್ತರ: ಸಹೋದರಿ, ಜಪ ಹೇಳಿಕೊಡಿ. ಇವತ್ತೇ ಹೇಳಿಕೊಡಿ.

ಕೂಟದವರ ಮಾತಿಗೆ ಬರುತ್ತೇನೆ. ಕಫೆರ್ನವುಮಿನ ಶತಾಧಿಪತಿಯ ಕಥೆ ನಿಮಗೆ ಗೊತ್ತಿದೆ. ಅವನು ಯೆಹೂದ್ಯನಲ್ಲ, ಸೈನ್ಯದ ಅಧಿಕಾರಿ. ಅವನ ಆಳು ಕಾಯಿಲೆ ಬಿದ್ದಿದ್ದ. ನೀವು ನನ್ನ ಮನೆಗೆ ಬರುವಷ್ಟು ಯೋಗ್ಯತೆ ನನಗಿಲ್ಲ, ಒಂದು ಮಾತು ಹೇಳಿದರೆ ಸಾಕು, ಅವನು ಗುಣವಾಗುತ್ತಾನೆ ಎಂದು ಯೇಸುವಿಗೆ ಹೇಳಿದ. ಇಸ್ರಯೇಲಿನಲ್ಲೂ ಇಂಥ ವಿಶ್ವಾಸ ಕಂಡಿಲ್ಲ ಎಂದರು ಯೇಸು. ಅವನ ಮನೆಯ ದೇವರುಗಳ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಆ ಹೊರಗಿನವನ ಮಾತನ್ನೇ ನಾವು ಇವತ್ತಿಗೂ ಪೂಜೆಯಲ್ಲಿ ಪರಮಪ್ರಸಾದದ ಪವಿತ್ರ ರೊಟ್ಟಿ ಪಡೆಯುವ ಮುಂಚೆ ಹೇಳುತ್ತೇವೆ, ಅಲ್ವಾ? "ಯೋಗ್ಯತೆ ಇಲ್ಲ" ಎಂದವನ ಮಾತು ಹೇಳಿಯೇ ನಾವು ಪ್ರಸಾದಕ್ಕೆ ಕೈ ಚಾಚುವುದು.

ಯೇಸು ಬೆರಗಾದರು ಎಂದು ಶುಭಸಂದೇಶಗಳು ಹೇಳುವುದು ಎರಡೇ ಸಂದರ್ಭದಲ್ಲಿ. ಒಂದು, ಈ ಶತಾಧಿಪತಿಯ ವಿಶ್ವಾಸ ಕಂಡಾಗ. ಇನ್ನೊಂದು ಮಾರ್ಕನ ಶುಭಸಂದೇಶದ 6ನೇ ಅಧ್ಯಾಯದಲ್ಲಿದೆ. ಸ್ವಂತ ಊರಾದ ನಜರೇತಿನವರ ಅವಿಶ್ವಾಸ ಕಂಡು ಬೆರಗಾದರು. ಪರಿಚಯದವರು ಅನುಮಾನಪಟ್ಟರು, ಪರಕೀಯ ನಂಬಿದ. ಕೂಟದಲ್ಲಿ ಈ ಎರಡನ್ನೂ ಒಟ್ಟಿಗೆ ಓದಿ. ನಾನು ಎಷ್ಟು ಸಲ ಓದಿದರೂ ಎದೆ ಒಂದು ಕ್ಷಣ ನಿಲ್ಲುತ್ತದೆ.

ಹರಕೆ ಅನ್ನುವ ಮಾತಿಗೂ ಉತ್ತರ ಇದೆ. 12 ವರ್ಷ ರಕ್ತಸ್ರಾವದಿಂದ ನರಳಿದ ಹೆಂಗಸು ಇದ್ದದ್ದೆಲ್ಲ ವೈದ್ಯರಿಗೆ ಸುರಿದು, ಕೊನೆಗೆ ಗುಂಪಿನಲ್ಲಿ ನುಗ್ಗಿ ಹಿಂದಿನಿಂದ ಯೇಸುವಿನ ಬಟ್ಟೆ ಮುಟ್ಟಿದಳು. ಬಟ್ಟೆ ಮುಟ್ಟಿದರೆ ವಾಸಿಯಾಗುತ್ತದಂತೆ! ನಮ್ಮ ಕೂಟದವರು ಅಲ್ಲಿದ್ದಿದ್ದರೆ ಮೂಢನಂಬಿಕೆ ಅಂದುಬಿಡುತ್ತಿದ್ದರೇನೋ. ಅವಳು ನಡುಗುತ್ತಾ ಮುಂದೆ ಬಂದಾಗ ಯೇಸು ಅವಳನ್ನು "ಮಗಳೇ" ಎಂದು ಕರೆದರು. ನಿನ್ನ ವಿಶ್ವಾಸವೇ ನಿನ್ನನ್ನು ಗುಣಪಡಿಸಿತು, ಸಮಾಧಾನದಿಂದ ಹೋಗು ಎಂದರು.

ನಾನು ನರ್ಸ್ ಆಗಿ ದುಡಿದವಳು. ಆಪರೇಷನ್‌ಗೆ ಒಯ್ಯುವ ಸ್ಟ್ರೆಚರ್ ಮೇಲಿಂದ ಕೈ ಹಿಡಿದು, "ಸಿಸ್ಟರ್, ನಿಮ್ಮ ದೇವರಿಗೂ ಒಂದು ಮಾತು ಹೇಳಿ" ಅಂದವರು ಬಹಳ. ಹಣೆಯಲ್ಲಿ ವಿಭೂತಿ ಇರುತ್ತಿತ್ತು, ತೋಳಿನಲ್ಲಿ ದರ್ಗಾದ ತಾಯತ ಇರುತ್ತಿತ್ತು. ಆ "ನಿಮ್ಮ ದೇವರಿಗೂ" ಅನ್ನುವುದರಲ್ಲಿ ಇರುವ ಭರವಸೆ ಸಣ್ಣದಲ್ಲ. ಅದು ನಂದಿಹೋಗುತ್ತಿರುವ ಬತ್ತಿಯಷ್ಟೇ ಇದ್ದರೂ ಅದನ್ನು ಆರಿಸದವರು ನಮ್ಮ ಸ್ವಾಮಿ. ಪ್ರವಾದಿ ಯೆಶಾಯನ ಆ ಬತ್ತಿಯ ಮಾತನ್ನು ಮತ್ತಾಯ 12ನೇ ಅಧ್ಯಾಯದಲ್ಲಿ ಯೇಸುವಿಗೇ ಅನ್ವಯಿಸಿ ಬರೆದಿದ್ದಾನೆ. ಸೆಪ್ಟೆಂಬರ್ 8ರ ಮರಿಯ ಮಾತೆಯ ಹಬ್ಬಕ್ಕೆ ಶಿವಾಜಿನಗರದ ದೇವಾಲಯದಲ್ಲಿ ಮಾತೆಯ ಮುಂದೆ ನಿಲ್ಲುವ ಜನರನ್ನು ನೋಡಿ. ಯಾರು ಯಾವ ಧರ್ಮ ಅಂತ ಬಾಗಿಲಲ್ಲಿ ಯಾರೂ ಕೇಳುವುದಿಲ್ಲ.

ಒಂದು ವಿಷಯದಲ್ಲಿ ಮಾತ್ರ ಜಾಸ್ತಿ ಎಚ್ಚರ ಇರಲಿ. ಆಕೆಯ ಸಂಬಳ ನಿಮ್ಮ ಕೈಯಲ್ಲಿದೆ. ನೀವು ಮೆತ್ತಗೆ ಹೇಳಿದ್ದೂ ಆಕೆಗೆ ಅಪ್ಪಣೆಯಂತೆ ಕೇಳಬಹುದು. ಹಾಗಾಗಿ ಕೇಳಿದ್ದನ್ನಷ್ಟೇ ಕೊಡಿ. ಫೋಟೊ ತೆಗೆಯಿರಿ, ಕೂಟಕ್ಕೆ ಬನ್ನಿ ಎಂದು ಒಂದು ಸಲವೂ ಹೇಳಬೇಡಿ. ಕೂಟದವರನ್ನೂ ಹೇಳಲು ಬಿಡಬೇಡಿ. ಶತಾಧಿಪತಿಗೂ ಆಳಿನ ಮೇಲೆ ಪೂರ್ತಿ ಅಧಿಕಾರ ಇತ್ತು. ಅವನು ಆ ಆಳಿನ ಜೀವಕ್ಕಾಗಿ ಅಂಗಲಾಚಿದ. ನಮ್ಮ ಭರವಸೆಯ ಬಗ್ಗೆ ಯಾರಾದರೂ ಕೇಳಿದರೆ ಮೃದುವಾಗಿ, ಗೌರವದಿಂದ ಉತ್ತರಿಸಿ ಎಂದು ಪೇತ್ರನ ಮೊದಲ ಪತ್ರದ 3ನೇ ಅಧ್ಯಾಯ ಹೇಳುತ್ತದೆ. ಆಕೆ ಕೇಳಿದ್ದಾರೆ, ನೀವು ಮೃದುವಾಗಿ ಹೇಳಿ.

ಯೇಸುವೇ ಕಲಿಸಿದ ಪರಲೋಕ ಮಂತ್ರದಿಂದ ಶುರುಮಾಡಿ. ಒಂದೊಂದೇ ಸಾಲು ಹೇಳಿ, ಆಕೆ ಅರ್ಥ ಕೇಳಿದರೆ ಬಿಡಿಸಿ ಹೇಳಿ. ಗುರುವಾರ ಸ್ವಲ್ಪ ಬೇಗ ಬಿಡಿ, ಸಂಬಳ ಹಿಡಿಯಬೇಡಿ. ಆಕೆಯ ಧೈರ್ಯ ಕಂಡು ನಿಮಗಾದ ಸಂಕಟವನ್ನೂ ಮುಚ್ಚಿಡಬೇಡಿ. ಗಂಡನ ಬಗ್ಗೆ ಭಯ ಬಂದ ದಿನ, "ನನಗೋಸ್ಕರ ನೀವು ಬಾಲಯೇಸುಗೆ ಹೇಳ್ತೀರಾ?" ಎಂದು ಆಕೆಯನ್ನೇ ಕೇಳಿ. ಅದಕ್ಕೆ ನಾಚಿಕೆ ಬೇಡ.

ಯಜಮಾನರು ದಿನಾ ಸ್ವಲ್ಪ ನಡೆಯಲಿ, ಮಾತ್ರೆ ತಪ್ಪಿಸದಿರಲಿ. ಅವರಿಗಾಗಿ ನಾನೂ ಪ್ರಾರ್ಥಿಸುತ್ತೇನೆ.